ಕರಿಕೆ ಸೀಮೆಯಲ್ಲಿ ‘ನಿಲ್ಲಿಸು’ ಧಾತುವಿನ ಅರ್ಥವಿಚಾರ

‘ನಿಲ್ಲು’ ಧಾತುವಿಗೆ ‘ಇಸು’ ಹತ್ತಿದರೆ ‘ನಿಲ್ಲಿಸು’. ಇಷ್ಟು ಹೇಳಿ ವ್ಯಾಕರಣ ಕೈತೊಳೆದುಕೊಂಡಿತು. 13ನೆಯ ಶತಮಾನದ ಕೇಶಿರಾಜನನ್ನು ದೂರುವಂತಿಲ್ಲ, ಪಾಪ; ಮಳೆಗಾಲದಲ್ಲಿ ಕೊಡಗಿನ ಭಾಗಮಂಡಲದಿಂದ ಕೇರಳ ಗಡಿಯ ಕರಿಕೆಗೆ ಬಸ್ಸಿನಲ್ಲಿ ಘಟ್ಟ ಇಳಿಯುವ ಯೋಗ ಅವನಿಗಿರಲಿಲ್ಲ. 1894ರ ಕಿಟ್ಟೆಲ್ ನಿಘಂಟು ಮಂಗಳೂರಿನಲ್ಲೇ ಅಚ್ಚಾಯಿತು, ಆದರೂ ಘಟ್ಟ ಹತ್ತಲಿಲ್ಲ.

ಈ ಧಾತುವಿಗೆ ಅಲುಗದಂತೆ ಮಾಡು, ಮುಂದೆ ಹೋಗದಂತೆ ಮಾಡು ಎಂದು ಎರಡರ್ಥ. ಬಯಲುಸೀಮೆಯ ಪಂಡಿತರಿಗೆ ಇವು ಬೇರೆ ಬೇರೆ. ಕರಿಕೆ ಮತದಲ್ಲಿ ಒಂದು ಕೆಟ್ಟಾಗ ಇನ್ನೊಂದು ಹುಟ್ಟುತ್ತದೆ. ಸೂತ್ರ: ‘ಗುಡ್ಡಂ ನಿಲ್ಲದಿರೆ ಬಸ್ಸಂ ನಿಲಿಸುವುದು.’ ರಸ್ತೆಗಾಗಿ ಬುಡ ಕಡಿಸಿಕೊಂಡ ಬರೆ, ಅಂದರೆ ಗುಡ್ಡದ ಕಡಿದಾದ ಮಗ್ಗುಲು, ನೀರು ಕುಡಿದು ಭಾರವಾಗಿ ಜಾರಿದ ಕೂಡಲೇ ಸೂತ್ರವೂ ಜಾರಿಗೆ ಬರುತ್ತದೆ. ‘ಸಂಚಾರ ನಿಲ್ಲಿಸಲಾಗಿದೆ.’ ಕರ್ಮಣಿ ಪ್ರಯೋಗ, ಕರ್ತೃ ನಾಪತ್ತೆ.

ಇದಕ್ಕೊಂದು ಅಪವಾದವಿದೆ. 2020ರ ಮಾರ್ಚ್‌ನಲ್ಲಿ, ಕೊರೊನಾ ತಡೆಯಲೆಂದು ಕೇರಳ ಗಡಿಯ ರಸ್ತೆಗಳಿಗೆ ಕರ್ನಾಟಕವೇ ಮಣ್ಣು ತಂದು ಸುರಿಯಿತು. ಇಲ್ಲಿ ಕರ್ತೃ ಸ್ಪಷ್ಟ. ಜೂನ್ ತನಕ ಕಾದಿದ್ದರೆ ಘಟ್ಟದಲ್ಲಿ ಅಷ್ಟೇ ಮಣ್ಣು ಲಾರಿ ಬಾಡಿಗೆಯಿಲ್ಲದೆ ಇಳಿದು ಬರುತ್ತಿತ್ತು ಎಂಬುದು ಭಾಷ್ಯಕಾರರ ತಕರಾರು.

ಇನ್ನು ಕರಣ ಕಾರಕ. ಗೊನೆ ಬಿಟ್ಟ ಬಾಳೆಗೆ ಕವೆಗೋಲು, ಕುಂಟುವ ಮೇಜಿಗೆ ಮಡಚಿದ ರಟ್ಟು, ವಿವಾದವಿಲ್ಲ. ಬರೆಗೆ ಹೊದಿಸುವ ಟಾರ್ಪಾಲು ಗುಡ್ಡವನ್ನು ನಿಲ್ಲಿಸುತ್ತದೆಯೋ, ಬಿರುಕು ಕಾಣದಂತೆ ಮಾಡಿ ನೋಡುವವರ ಎದೆಬಡಿತವನ್ನು ನಿಲ್ಲಿಸುತ್ತದೆಯೋ ಎಂಬಲ್ಲಿ ಮಾತ್ರ ಮತಭೇದ. ಲಾವಂಚದ ಬೇರೂ ಮಣ್ಣನ್ನು ಹಿಡಿದು ನಿಲ್ಲಿಸುತ್ತದಂತೆ. ಅದಕ್ಕೆ ಸಿಮೆಂಟು ಬೇಕಿಲ್ಲ, ಹಾಗಾಗಿ ಉದಾಹರಣೆಗಳು ವಿರಳ.

ಧಾತುವಿನ ಶುದ್ಧಪ್ರಯೋಗ ಕಾಣುವುದು ಏರಿನಲ್ಲಿ ಉಸಿರುಗಟ್ಟಿದ ಜೀಪಿನ ಬಳಿ. ಮಲಯಾಳಿ ‘ನಿರ್ತ್ತ್’ ಎನ್ನಲಿ, ತುಳುವ ‘ಉಂತಾಲೆ’ ಎನ್ನಲಿ, ಜೀಪು ವ್ಯಾಕರಣಕ್ಕೆ ಬಗ್ಗದೆ ಹಿಂದಕ್ಕೆ ಸರಿಯುತ್ತದೆ. ಆಗ ಡ್ರೈವರ್ ಧಾತುವನ್ನೇ ಬದಲಿಸಿ ಕೂಗುತ್ತಾನೆ: ‘ಏಯ್, ಕಲ್ಲು ಕೊಡು!’ ಹುಡುಗ ಹಾರಿ ಹಿಂದಿನ ಟೈರಿಗೆ ಕಲ್ಲು ಕೊಡುತ್ತಾನೆ. ಜೀಪು ನಿಲ್ಲುತ್ತದೆ, ಗೇರು ಬೀಳುತ್ತದೆ, ಹೊರಟೇಬಿಡುತ್ತದೆ. ಕೊಟ್ಟ ಕಲ್ಲನ್ನು ಹಿಂದಕ್ಕೆ ಪಡೆಯುವ ಸಂಪ್ರದಾಯ ಮಾತ್ರ ಇಲ್ಲ. ಕತ್ತಲಲ್ಲಿ ಬಂದು ಅದಕ್ಕೆ ಗುದ್ದಿದ ಬೈಕಿನವನು ಬಳಸುವ ಧಾತುಗಳು ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.