ಒಂದು ಕಡೆ ಮುಖ, ಇನ್ನೊಂದು ಕಡೆ ಬೆನ್ನು

ಅಕ್ಕಲಕೋಟೆಯ ನಮ್ಮ ಅಜ್ಜನ ಮನೆಯ ಮಾಳಿಗೆ ಹತ್ತಿದರೆ ಮೊದಲು ಎದುರಾಗುವವರು ಅವರೇ. ಒಂದು ಜಿ.ಐ. ಪೈಪು, ತುದಿಗೆ ಅಲ್ಯೂಮಿನಿಯಂ ಕಡ್ಡಿಗಳ ಅಸ್ಥಿಪಂಜರ: ಹಳೆಯ ಟಿವಿ ಆಂಟೆನಾ. ಒಂದು ಕಡ್ಡಿ ಎಂದೋ ಕಳಚಿ ಅಡುಗೆಮನೆ ಕಿಟಕಿಯ ಪರದೆಗೆ ಸರಳಾಗಿದೆ. ಬಟ್ಟೆ ಒಣಹಾಕಲು ಕೈಗೆಟುಕಲಿ ಎಂದು ಪೈಪನ್ನೂ ಅರ್ಧಕ್ಕೆ ಕತ್ತರಿಸಿದ್ದಾರೆ. ಅಂದು ಅವರ ಮೇಲೆ ಒಂದು ಸೊಲ್ಲಾಪುರ ಚಾದರ, ಎರಡು ಬನಿಯನ್ನು ನೇತಾಡುತ್ತಿದ್ದವು. ಹಪ್ಪಳಕ್ಕೆ ಕಾಗೆ ಬಾಯಿ ಹಾಕದಂತೆ ಕಾಯಲು ನನ್ನನ್ನು ಮೇಲೆ ಕಳಿಸಿದ್ದರು. ಕಾಗೆಗಳೆಲ್ಲ ಇವರ ಹೆಗಲ ಮೇಲೇ ಕೂತಿದ್ದವಾದ್ದರಿಂದ ಮಾತು ಇವರೊಂದಿಗೇ ಶುರುವಾಯಿತು.

– ಕಾಕಾ, ಮೊದಲು ನಿಮ್ಮ ಪೂರ್ತಿ ಹೆಸರು ಹೇಳ್ರಿ.

– ಕಾಗದದಾಗ ಯಾಗಿ-ಉದಾ. 1926ರಾಗ ಜಪಾನದ ತೋಹೊಕು ವಿಶ್ವವಿದ್ಯಾಲಯದಾಗ ಹುಟ್ಟಿದ್ದು. ಕಡ್ಡಿ ಅಳದು, ಜೋಡಿಸಿ, ನಿದ್ದಿಗೆಟ್ಟು ದುಡದಾಂವ ಶಿಂತಾರೋ ಉದಾ. ಹಿದೆತ್ಸುಗು ಯಾಗಿ ದೊಡ್ಡ ಪ್ರೊಫೆಸರು. ಇಂಗ್ಲಿಷಿನಾಗ ಬರದು ಹೊರಗಿನ ಮಂದಿಗೆ ತಿಳಿಸಿದಾಂವ ಆಂವ, ಹಂಗಾಗಿ ಜಗತ್ತೆಲ್ಲಾ ಬರೇ ‘ಯಾಗಿ’ ಅಂತು. ದುಡದಾಂವನ ಹೆಸರು ಹಿಂದ, ಗೈಡಿನ ಹೆಸರು ಮುಂದ. ನಿಮ್ಮ ಕಡೆ ಪಿಎಚ್.ಡಿ. ಹಿಂಗ ಮಾಡಂಗಿಲ್ಲೇನು?

– ಈ ಊರಾಗ ನಿಮ್ಮನ್ನ ಏನಂತಿದ್ರು?

– ಒಬ್ಬಾಂವ ಯಾತ್ರಿ ‘ಯೋಗಿ’ ಅಂದಿದ್ದ. ಸ್ವಾಮಿ ಸಮರ್ಥರ ಊರು, ಮ್ಯಾಲ ನಾನು ಗಾಳಿ ಮಳಿ ಅನ್ನದ ಒಂಟಿಕಾಲಾಗ ನಿಂತಾಂವ. ಆದ್ರ ಹೆಸರು ಗೊತ್ತಿರದಿದ್ದಕ್ಕ ನಂಗ ಬ್ಯಾಸರಿಲ್ಲ ತಮ್ಮಾ. 1942ರಾಗ ಸಿಂಗಾಪುರ ಗೆದ್ದ ಜಪಾನಿ ಮಂದಿಗೆ ಇಂಗ್ಲಿಷರ ರಡಾರಿನ ಕಾಗದದಾಗ ‘ಯಾಗಿ’ ಅನ್ನೋ ಶಬ್ದ ಸಿಕ್ಕಿತಂತ. ಅರ್ಥ ತಿಳೀಲಿಲ್ಲ, ಕೈದಿನ್ನ ಕೇಳಿದ್ರು. ಆಂವ ‘ಅದು ನಿಮ್ಮದೇ ಮಾಸ್ತರನ ಹೆಸರು’ ಅಂದ. ಮನಿ ಮಂದಿಗೇ ನನ್ನ ಗುರ್ತಿರಲಿಲ್ಲ, ಅಕ್ಕಲಕೋಟಿಯವರನ್ನ ಏನ್ ಕೇಳ್ತಿ.

– ಇಷ್ಟು ಕಡ್ಡಿ ಅದಾವು, ವಯರು ಮಾತ್ರ ಒಂದಕ್ಕೇ ಯಾಕ?

– ನಡುವ ಮಡಚಿದಂಗ ಅದ ನೋಡು, ಅದೊಂದೇ ಹಿಡಿಯೋದು. ಹಿಂದ ಇರೋ ಉದ್ದಂದು ಹಿಂಬದಿಗೆ ಜಾರಿದ್ದನ್ನ ಮುಂದಕ್ಕ ದೂಡ್ತದ. ಮುಂದಿನ ಗಿಡ್ಡ ಕಡ್ಡಿಗಳು ಅಲೆಯನ್ನ ಕೈಹಿಡದು ಒಳಗ ಕರಕೊಂಡು ಬರ್ತಾವ. ಅವಕ್ಕ ವಯರಿಲ್ಲ, ಪಗಾರಿಲ್ಲ, ಸುಮ್ನ ಸಾಲಾಗಿ ನಿಂತ್ರ ಕೆಲಸ ಆಗ್ತದ. ಸುಮ್ನ ನಿಂತು ಕೆಲಸ ಮಾಡೋದನ್ನ ನಾನು ಬ್ಯಾರೆ ಯಾವ ಇಲಾಖೆದಾಗೂ ನೋಡಿಲ್ಲ. ಆದ್ರ ಒಂದು ಕರಾರು: ಯಾ ಕಡೆ ಮುಖ ಮಾಡ್ತೀವಿ ಆ ಕಡೆದಷ್ಟೇ ಕೇಳೋದು. ಬೆನ್ನಿನ ಕಡೆ ನಾವು ಕಿವುಡರು.

ಇಲ್ಲಿ ಓದುಗರು ನಕಾಶೆಯನ್ನೊಮ್ಮೆ ತೆಗೆಯಬೇಕು. ಮಹಾರಾಷ್ಟ್ರದ ನಮ್ಮೂರಿಗೆ ಟಿವಿ ಬರುತ್ತಿದ್ದುದು ಎರಡು ಕಡೆಯಿಂದ: ಕರ್ನಾಟಕದ ಗುಲಬರ್ಗಾ, ಮಹಾರಾಷ್ಟ್ರದ್ದೇ ಸೊಲ್ಲಾಪುರ. ಅಕ್ಕಲಕೋಟೆಯಿಂದ ಗುಲಬರ್ಗಾ ಪೂರ್ವಕ್ಕೆ, ತುಸು ದಕ್ಷಿಣಕ್ಕೆ ವಾಲಿ. ಸೊಲ್ಲಾಪುರ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿ. ಎರಡರ ನಡುವೆ ಅಳತೆಪಟ್ಟಿ ಇಟ್ಟರೆ ನಮ್ಮೂರು ಹೆಚ್ಚುಕಡಿಮೆ ಅದರ ಮೇಲೇ ಕೂರುತ್ತದೆ. ಒಂದಕ್ಕೆ ಮುಖ ಕೊಟ್ಟರೆ ಇನ್ನೊಂದಕ್ಕೆ ಬೆನ್ನು ಕೊಟ್ಟಂತೆಯೇ.

– ಅಂದ್ರ ಗಡಿ ತಂಟೆ ನಿಮ್ಮ ಮೈಮ್ಯಾಲೇ ನಡೀತು ಅನ್ರಿ.

– ತಂಟೆ ಅಲ್ಲೋ, ತೀರ್ಪು. ಮಹಾಜನ ಆಯೋಗ 1967ರಾಗ ವರದಿ ಕೊಡ್ತು. ಜತ್ತ, ದಕ್ಷಿಣ ಸೊಲ್ಲಾಪುರದ ಕೂಡ ಅಕ್ಕಲಕೋಟಿನೂ ಕರ್ನಾಟಕಕ್ಕ ಹೋಗಬೇಕು ಅಂತ ಬರದ್ರು. ಮಹಾರಾಷ್ಟ್ರ ಒಲ್ಲೆ ಅಂತು, ವರದಿ ಕಪಾಟು ಸೇರಿತು. ಆ ವರದಿನ್ನ ದಿನಾ ಸಂಜೀಕ ಜಾರಿ ಮಾಡ್ತಿದ್ದಾಕಿ ನಿಮ್ಮ ಅಜ್ಜಿ. ಸೆರಗು ಸಿಗಿಸಿ, ಪೈಪು ಹಿಡದು ಮೂಡಲಕ್ಕ ತಿರುವಿದ್ಲಂದ್ರ ಗುಲಬರ್ಗಾ ಬರ್ತಿತ್ತು. ಆಳಂದ ಕಡೆ ತವರು ಆಕಿದು, ಆ ಮಾತು ಕಿವಿಗೆ ಬಿದ್ರೇ ಊಟ. ಮರಾಠಿ ಸುದ್ದಿ ‘ಬಾತಮ್ಯಾ’ ಹೊತ್ತಾತು ಅಂದ್ರ ನಿಮ್ಮ ಅಜ್ಜ ಬಂದು ಪಡುವಲಕ್ಕ ತಿರುವಾಂವ, ಮತ್ತ ಮಹಾರಾಷ್ಟ್ರ. ಒಂದೇ ರಾತ್ರಿ ಎರಡು ಸಲ ರಾಜ್ಯ ಪುನರ್ವಿಂಗಡಣೆ. ಖರ್ಚು ಏನು? ಒಂದು ನಟ್ಟು ಸಡ್ಲ ಆಗ್ತಿತ್ತು.

– ಗುಲಬರ್ಗಾ ಅಷ್ಟು ದೂರದಿಂದ ಬರ್ತಿತ್ತಾ?

– ನಡುನಡುವ ಹಿಮ ಬೀಳ್ತಿತ್ತು. ಆಕಿಗೆ ಹಿಮದಾಗ ಮಂದಿ ಮುಖ ಗುರ್ತು ಹಿಡಿಯೋದು ರೂಢಿ ಆಗಿತ್ತು. ನಿಂಗೊಂದು ಗೊತ್ತದ ಏನು? ಕರ್ನಾಟಕದಾಗ ಮೊದಲ ಟಿವಿ ಬಂದದ್ದು ಬೆಂಗಳೂರಿಗಲ್ಲ. 1975ರಾಗ ‘ಸೈಟ್’ ಅಂತ ಉಪಗ್ರಹದ ಪ್ರಯೋಗ ಆತು, ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲಾದ ಹಳ್ಳ್ಯಾಗ ಟಿವಿ ಇಟ್ರು. ಅದು ಮುಗದ ಮ್ಯಾಲ 1977ರಾಗ ಗುಲಬರ್ಗಾಕ್ಕ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರಿಗೆ 1981ರ ತನಕ ಕಾಯೋ ಪಾಳಿ. ಹಿಂದುಳಿದ ಭಾಗ ಅಂತೀರಲ್ಲ, ಈ ಒಂದು ವಿಷಯದಾಗ ಹಿಂದುಳಿದಾಂವ ಯಾರು ಬರಕೋ.

– ಜಗಳ ಇಲ್ಲದ ದಿನ ಇತ್ತಾ ಕಾಕಾ?

– ರವಿವಾರ ಮುಂಜಾನೆ. 1987ರ ಜನವರಿಯಿಂದ ರಾಮಾಯಣ. ಅದು ದಿಲ್ಲಿಯಿಂದ ಬರೋದು, ಗುಲಬರ್ಗಾದಾಗೂ ಅದೇ, ಸೊಲ್ಲಾಪುರದಾಗೂ ಅದೇ. ನನ್ನನ್ನ ಯಾರೂ ಮುಟ್ಟತಿರಲಿಲ್ಲ. ಇಬ್ಬರಿಗೂ ತಿಳೀದ ಹಿಂದಿ, ಇಬ್ಬರೂ ಕೈ ಮುಗದು ಕೂಡವರು.

– ನಿಮ್ಮನ್ನ ಕೂಡಿಸಿದ ದಿನ ನೆನಪದ?

ಇಲ್ಲಿ ಅವರು ಸ್ವಲ್ಪ ಅಲ್ಲಾಡಿದರು. ಗಾಳಿಯೂ ಇರಬಹುದು.

– ಮರೀಲಿಕ್ಕೆ ಬರ್ತದಾ? ಪೈಪು ಎಷ್ಟು ಉದ್ದ ಬೇಕು ಅಂದಾಗ ನಿಮ್ಮ ಅಜ್ಜ ‘ಗಡ್ಡಾ ಜಾತ್ರಿ ನಂದಿಕೋಲಿನಷ್ಟು’ ಅಂದ. ಸಿದ್ಧರಾಮೇಶ್ವರರ ಜಾತ್ರ್ಯಾಗ ಏಳು ನಂದಿಕೋಲು ಎತ್ತತಾರ, ನಮ್ಮನ್ಯಾಗ ಎಂಟನೇದು ಅಂತ ಓಣಿ ಮಂದಿ ನಕ್ಕರು. ಗ್ವಾಡಿಗೆ ಕ್ಲಾಂಪ್ ಬಡದು, ಮೂರು ಕಡೆ ತಂತಿ ಎಳದು ಕಟ್ಟಿದ್ರು. ನಿಮ್ಮ ಕಾಕಾ ಮ್ಯಾಲ, ಕಿಟಕಿಯಾಗ ಬಾಜೂಮನಿ ಹುಡುಗ, ಒಳಗ ಅಜ್ಜಿ. ಮ್ಯಾಲಿಂದ ‘ಬಂತೇನೋ?’ ಅಂತ ಒದರೋದು. ಒಳಗಿಂದ ‘ಇಲ್ಲಪ್ಪಾ, ಬರೇ ಇರುವಿ ಓಡ್ಯಾಡತಾವ!’ ಕಿಟಕಿ ಹುಡುಗ ಮರಾಠಿ, ಆಂವ ‘ಆಲಂ ಆಲಂ!’ ಅಂತಿದ್ದ, ನಿಮ್ಮ ಕಾಕಾ ಕೈ ಬಿಟ್ಟ ಕೂಡಲೇ ‘ಗೇಲಂ!’ ಹಿಡಕೊಂಡಿದ್ರ ಬರೋದು, ಬಿಟ್ರ ಹೋಗೋದು. ನಿಮ್ಮ ಕಾಕಾ ಆ ದಿನ ಒಂದೂವರೆ ತಾಸು ನನ್ನ ಹಿಡಕೊಂಡೇ ನಿಂತಿದ್ದ, ಒಳಗ ಎಲ್ಲರೂ ಸಿನಿಮಾ ನೋಡಿದ್ರು. ಆಂವಗ ಕತಿ ಇವತ್ತಿಗೂ ಗೊತ್ತಿಲ್ಲ.

– ತಾಟು ಕಟ್ಟಿದ್ದು?

– ಅದನ್ನ ಬರೀಬ್ಯಾಡ. ಯಾರೋ ಹೇಳಿದ್ರಂತ ಸ್ಟೀಲಿನ ತಾಟು ನನ್ನ ಕೊಳ್ಳಿಗೆ ಕಟ್ಟಿದ್ರು. ಚಿತ್ರ ಸುಧಾರಿಸಲಿಲ್ಲ, ಅಜ್ಜನ ಊಟಕ್ಕ ಒಂದು ತಾಟು ಕಮ್ಮಿ ಆತು.

– ಈ ಡಿಶ್ ಜೋಡಿ ಮಾತುಕತಿ ಅದ ಏನು?

ಅಟ್ಟದ ಗೋಡೆಗೆ ಅಂಟಿಕೊಂಡ ತಟ್ಟೆಯ ಕಡೆ ಅವರು ನೋಡಲೇ ಇಲ್ಲ.

– ಅದು ದಕ್ಷಿಣದ ಆಕಾಶಕ್ಕ ಬಾಯಿ ತೆರಕೊಂಡು ಕುಂತದ. ಊರಿನ ತಟ್ಟಿ ಎಲ್ಲಾ ಆ ಕಡೆನೇ, 36 ಸಾವಿರ ಕಿಲೋಮೀಟರ್ ಮ್ಯಾಲಿನ ಸಾಹೇಬನ ಮುಖ ನೋಡತಾವ. 2004ರಾಗ ಎರಡು ನಡದ್ವು. ಮಹಾರಾಷ್ಟ್ರ ಗಡಿ ಬದಲಿಸ್ರಿ ಅಂತ ಸುಪ್ರೀಂ ಕೋರ್ಟಿಗೆ ಹೋತು. ಅದೇ ವರ್ಷ ಡಿಸೆಂಬರಿನಾಗ ದೂರದರ್ಶನದ ಪುಗಸಟ್ಟೆ ತಟ್ಟಿ ಬಂತು, ಅದಕ್ಕ ಗಡಿನೇ ಕಾಣಂಗಿಲ್ಲ. ಈಗ ಮನ್ಯಾಗ ಕನ್ನಡದ್ದೇ ಸಾಕಷ್ಟು ಚಾನೆಲ್ ಅದಾವು. ಆದ್ರ ರಿಮೋಟು ಮರಿಮೊಮ್ಮಗಳ ಕೈಯಾಗ, ಆಕಿ ನೋಡೋದು ಜಪಾನಿ ಕಾರ್ಟೂನು. ಅಜ್ಜಿಗೆ ಯಾ ದಿಕ್ಕಿಗೆ ತಿರುವಬೇಕು ತಿಳೀವಲ್ದು.

– ನಿಮ್ಮ ಕೆಲಸ ಪೂರ್ತಿ ನಿಂತದ್ದು ಯಾವಾಗ?

– ನಾನೇನು ರಾಜೀನಾಮೆ ಕೊಟ್ಟಿಲ್ಲ. 2022ರ ಮಾರ್ಚ್ ಹೊತ್ತಿಗೆ ಪ್ರಸಾರ ಭಾರತಿಯವರು ದೇಶದ ಹಳೇ ಟ್ರಾನ್ಸ್‌ಮಿಟರ್ ಬಂದ್ ಮಾಡಿದ್ರು, ಆಯಕಟ್ಟಿನ ಜಾಗಾದಾಗ ಸುಮಾರು 50 ಅಷ್ಟೇ ಇಟಗೊಂಡ್ರು. ಮಜಾ ನೋಡು, ಅದೇ ವರ್ಷ ನವೆಂಬರ್-ಡಿಸೆಂಬರಿನಾಗ ಗಡಿ ಗದ್ದಲ ಮತ್ತ ಎದ್ದಿತು. ಕರ್ನಾಟಕದ ಮುಖ್ಯಮಂತ್ರಿ ಜತ್ತದ ಹಳ್ಳಿ ಹೆಸರೆತ್ತಿದ್ರು, ಅಕ್ಕಲಕೋಟಿ ತಾಲೂಕಿನ ಹಳ್ಳ್ಯಾಗೂ ನೀರಿಲ್ಲ, ರಸ್ತಾ ಇಲ್ಲ, ಕರ್ನಾಟಕಕ್ಕ ಹೋಗ್ತೀವಿ ಅಂದ್ರು. ನಾನು ಇಲ್ಲಿ ಅದೀನಿ, ಪೈಪು ಹಿಡದು ತಿರುವ್ರಿ ಅಂತ ಕೂಗಿದ್ರ ಕೇಳೋರು ಯಾರು. ನನ್ನ ಮ್ಯಾಲ ಆವಾಗ ರಜಾಯಿ ಒಣಗತಿತ್ತು.

ಕೆಳಗಿನ ಓಣಿಯಲ್ಲಿ ಕೈಗಾಡಿಯವನ ಕೂಗು ಕೇಳಿತು: ‘ಭಂಗಾರ್... ಭಂಗಾರ್!’ ಅವರ ಕಡ್ಡಿಗಳು ಸಣ್ಣಗೆ ನಡುಗಿದವು.

– ಹೆದರಿದ್ರಾ?

– ನೀನೇ ಹೇಳು, ಆಂವ ಯಾ ಭಾಷಾದಾಗ ಕೂಗಾಕತ್ಯಾನ? ಕನ್ನಡದಾಗಾದ್ರ ನಾನು ಚಿನ್ನ, ಮರಾಠಿಯಾಗಾದ್ರ ಗುಜರಿ. ಹೋದ ತಿಂಗಳ ನಿಮ್ಮ ಕಾಕಾ ತೂಕಕ್ಕ ಕೊಡ್ತೀನಿ ಅಂತ ಹೊಂಟಿದ್ದ. ಅಜ್ಜಿ ಬಿಡಲಿಲ್ಲ. ನನ್ನ ಮ್ಯಾಲಿನ ಪ್ರೀತಿ ಅಂತ ಬರೀಬ್ಯಾಡ ಮತ್ತ, ಚಾದರ ಎಲ್ಲಿ ಒಣಹಾಕೋದು ಅಂದ್ಲು. ಹಾಂ, ಚಾದರ ಅಂದ ಮ್ಯಾಲ ನೆನಪಾತು, ಅದರ ನೆಳ್ಳು ಹಪ್ಪಳದ ಮ್ಯಾಲ ಬೀಳಾಕತ್ತದ. ಜರಾ ತಿರುವು ನನ್ನ.

ಎದ್ದು ಪೈಪು ಹಿಡಿದೆ. ತುಕ್ಕು ಹಿಡಿದ ಕ್ಲಾಂಪು ಮೊದಲು ಮಿಸುಕಲಿಲ್ಲ. ಎರಡೂ ಕೈಯಲ್ಲಿ ಒತ್ತಿದಾಗ ಕಿರ್ರ್ ಎಂದು ಮಾಳಿಗೆಯೇ ನರಳಿದಂತೆ ಸದ್ದು ಮಾಡುತ್ತ ಮೂಡಲಿಗೆ ತಿರುಗಿತು. ನೆರಳು ಹಪ್ಪಳ ಬಿಟ್ಟು ಅತ್ತ ಸರಿಯಿತು.

ಕೆಳಗೆ ನಡುಮನೆಯಲ್ಲಿ ಟಿವಿ ಹಚ್ಚಿರಲೇ ಇಲ್ಲ. ಮಂಚದ ಮೇಲೆ ಮಲಗಿದ್ದ ಅಜ್ಜಿ ಕಣ್ಣು ತೆರೆಯದೆಯೇ ಕೂಗಿದಳು:

“ಹಾಂ ಹಾಂ... ಬಂತು, ಅಲ್ಲೇ ಬಿಡೋ!”