ಗುರಿಮೀಮಾಂಸೆ, ಅರ್ಥಾತ್ ಈಡುಗಾರ ನಿರ್ದೋಷಿತ್ವ ಸಿದ್ಧಿ

ಅನುಬಂಧ ಚತುಷ್ಟಯ ಹೇಳದೆ ಯಾವ ಶಾಸ್ತ್ರವನ್ನೂ ಶುರುಮಾಡಬಾರದೆಂಬುದು ಹಿರಿಯರ ಕಟ್ಟಳೆ. ಈ ಶಾಸ್ತ್ರದ ವಿಷಯ, ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯ ಗುರಿ. ಅಧಿಕಾರಿ, ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಮಲೆನಾಡಿನ ಕೃಷಿಕ. 1857ರಲ್ಲಿ ಬ್ರಿಟಿಷರು ಹತಾರ ಒಪ್ಪಿಸಿರೆಂದಾಗ ಹಲಗಲಿಯ ಬೇಡರು ಪ್ರಾಣ ಕೊಟ್ಟರೇ ಹೊರತು ಹತಾರ ಕೊಡಲಿಲ್ಲ. ನಮ್ಮ ಅಧಿಕಾರಿ ಚುನಾವಣೆ ಬಂದಾಗಲೆಲ್ಲ ತಾನೇ ಹೊತ್ತೊಯ್ದು ಠಾಣೆಗೆ ಕೊಟ್ಟು ರಸೀತಿ ತರುತ್ತಾನೆ. ಇನ್ನು ಪ್ರಯೋಜನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯೇ ಅಪರಾಧ. ಉಳಿದದ್ದು ಮಂಗ, ಹಂದಿಗಳನ್ನು ಬೆದರಿಸುವ ಕೆಲಸ. ಬೆದರಿಸಲು ಸದ್ದು ಸಾಕು, ಗುರಿ ಬೇಡ. ಆದ್ದರಿಂದ ಈ ಶಾಸ್ತ್ರಕ್ಕೆ ಪ್ರಯೋಜನವಿಲ್ಲ. ಇದು ದೋಷವಲ್ಲ, ಶುದ್ಧ ಶಾಸ್ತ್ರದ ಲಕ್ಷಣ. ನಾಲ್ಕನೆಯದು ಸಂಬಂಧ. ಗುಂಡಿಗೂ ಗುರಿಗೂ ಸಂಬಂಧ ಉಂಟೇ ಎಂಬುದೇ ಇಲ್ಲಿಯ ಜಿಜ್ಞಾಸೆಯಾದ್ದರಿಂದ ಅದನ್ನು ಮೊದಲೇ ಒಪ್ಪಿಕೊಳ್ಳಲಾಗದು.

ಪೂರ್ವಪಕ್ಷ ಹೀಗಿದೆ: ಈಡು ತಪ್ಪಿದರೆ ತಪ್ಪು ಹೊಡೆದವನದು. ಈ ಮತವನ್ನು ಮುಖ್ಯವಾಗಿ ಈಡುಗಾರನ ಹೆಂಡತಿಯೂ ಪಕ್ಕದ ತೋಟದವರೂ ಎತ್ತಿಹಿಡಿದಿದ್ದಾರೆ. ಇವರಲ್ಲಿ ಯಾರೂ ಮೂಲ ಗ್ರಂಥಗಳನ್ನು ನೋಡಿದವರಲ್ಲ.

ನೋಡಿದ್ದರೆ ಬೆಂಜಮಿನ್ ರಾಬಿನ್ಸ್ ಎಂಬ ಆಂಗ್ಲ ಗಣಿತಜ್ಞನ ಹೆಸರು ತಿಳಿದಿರುತ್ತಿತ್ತು. ಈತ 1742ರಲ್ಲಿ ತೋಪು ಕೋವಿಗಳ ಮೇಲೆ ಗ್ರಂಥ ಬರೆದ. ಬಾಯಿಂದ ಇಳಿಸುವ ಗುಂಡು ನಳಿಗೆಗಿಂತ ಚೂರು ಸಣ್ಣದಿರಲೇಬೇಕು. ಬ್ರಿಟಿಷ್ ಸಿಪಾಯಿಗಳ ಬ್ರೌನ್ ಬೆಸ್ ಕೋವಿಯ ನಳಿಗೆ 0.75 ಇಂಚು, ಗುಂಡು ಸುಮಾರು 0.69 ಇಂಚು. ಮದುವೆ ಮನೆಯಿಂದ ಹೊರಟ ನೆಂಟನಂತೆ ಗುಂಡು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಗುಲಿಕೊಳ್ಳುತ್ತ ಬಂದು, ಬಾಗಿಲಲ್ಲಿ ಕೊನೆಗೆ ಯಾರ ಮೈ ತಾಗಿತೋ ಅದಕ್ಕೆ ತಕ್ಕ ದಿಕ್ಕು ಹಿಡಿಯುತ್ತದೆ. ತಾಗಿದ್ದರಿಂದ ಗಿರಕಿ, ಗಿರಕಿಯಿಂದ ಗಾಳಿಯಲ್ಲಿ ವಾಲುವಿಕೆ ಎಂದ ರಾಬಿನ್ಸ್. ತೋರಿಸಲೆಂದು ಕೋವಿಯ ತುದಿಯನ್ನೇ ಎಡಕ್ಕೆ ಬಗ್ಗಿಸಿ ಹೊಡೆದ. ಗುಂಡು ಎಡಕ್ಕೆ ಹೊರಟು ಮುಂದೆ ಬಲಕ್ಕೆ ತಿರುಗಿತು. ಅವನ ಗ್ರಂಥವನ್ನು 1745ರಲ್ಲಿ ಜರ್ಮನ್ ಭಾಷೆಗೆ ತಂದು ಟಿಪ್ಪಣಿ ಬರೆದ ಮಹಾಗಣಿತಿ ಆಯ್ಲರ್ ಮಾತ್ರ ಗಿರಕಿಯ ಮಾತು ಒಪ್ಪಲಿಲ್ಲ, ಗುಂಡೇ ಸರಿಯಾಗಿ ಗುಂಡಗಿಲ್ಲ ಎಂದ. ವಾಚಕರು ಗಮನಿಸಬೇಕು: ಒಬ್ಬ ನಳಿಗೆಯನ್ನು ದೂರಿದ, ಇನ್ನೊಬ್ಬ ಗುಂಡನ್ನು ದೂರಿದ, ಇಬ್ಬರೂ ಹೊಡೆದವನ ಸುದ್ದಿಗೆ ಹೋಗಲಿಲ್ಲ. ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ನೋಡಿಕೊಳ್ಳಲು ನಮ್ಮ ಕಡೆಗೇ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರ ಬಂದು ತೀರಿಕೊಂಡ. ಇನ್ನಷ್ಟು ಕಾಲ ಬದುಕಿ ಘಟ್ಟ ಹತ್ತಿದ್ದರೆ ನಮ್ಮ ನಾಡಕೋವಿಗಳನ್ನೂ ನೋಡುತ್ತಿದ್ದ. ಅವನ್ನು ಬಗ್ಗಿಸುವ ಶ್ರಮವೂ ಇರುತ್ತಿರಲಿಲ್ಲ.

ಗುಂಡಿಗೂ ನಳಿಗೆಗೂ ನಡುವಿನ ಈ ಸಂದಿಗೆ ಶಾಸ್ತ್ರೋಕ್ತ ಪರಿಹಾರ, ಜಿಡ್ಡು ಸವರಿದ ಬಟ್ಟೆಯ ತುಂಡಿನಲ್ಲಿ ಗುಂಡನ್ನು ಸುತ್ತಿ ಬಿಗಿಯಾಗಿ ಇಳಿಸುವುದು. ಯಾವ ಜಿಡ್ಡು ಎಂಬಲ್ಲಿ ಮತಭೇದವಿದೆ. ಇದನ್ನು ಹಗುರವಾಗಿ ಕಾಣಬಾರದು. ಎನ್‌ಫೀಲ್ಡ್ ರೈಫಲ್ಲಿನ ತೋಟೆಗೆ ಸವರಿದ್ದು ದನದ ಕೊಬ್ಬೋ ಹಂದಿಯ ಕೊಬ್ಬೋ ಎಂಬ ಶಂಕೆ 1857ರ ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆಯ ಕೈಯಲ್ಲಿ ಸಿಡಿಯಿತು. ಮರುವರ್ಷ ಕಂಪನಿಯ ಆಳ್ವಿಕೆಯೇ ಹೋಯಿತು. ಗುರಿ ಸುಧಾರಿಸಲು ಹೊರಟು ರಾಜ್ಯ ಕಳೆದುಕೊಂಡವರು ಬೇರೆ ಯಾರೂ ನಮಗೆ ತೋರರು. ಸದ್ಯಕ್ಕೆ ತೆಂಗಿನೆಣ್ಣೆಯೇ ಕ್ಷೇಮ.

ಎರಡನೆಯ ಆರೋಪಿ ಮದ್ದು. ಕರಿಮದ್ದು ಉರಿದಾಗ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಹೊಗೆ, ಮಸಿಯಾಗಿಯೇ ಉಳಿಯುತ್ತದೆ. ಆ ಮಸಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಂತೂ ನಳಿಗೆಯೊಳಗೆ ಗೊಜ್ಜಾಗಿ, ಎರಡು ಈಡು ಕಳೆಯುವಷ್ಟರಲ್ಲಿ ಗುಂಡು ಅರ್ಧದಾರಿಯಲ್ಲೇ ಕೂರುತ್ತದೆ. ಗುಂಡಿಗೂ ಮದ್ದಿಗೂ ನಡುವೆ ಹಾಗೆ ಸಂದಿ ಉಳಿದರೆ ನಳಿಗೆ ಒಡೆಯಬಹುದು. ಅದಕ್ಕೇ ಪ್ರತಿ ಈಡಿನ ನಂತರ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ ಆಡಿಸಬೇಕು. ಮದ್ದಿನ ಅಳತೆ ಪ್ರತಿ ಸಲವೂ ಅದೇ ಇರಬೇಕು. ಈಗ ಈ ವಿಧಿಯನ್ನು ರಾತ್ರಿ ಎರಡು ಗಂಟೆಗೆ ಅಡಿಕೆ ತೋಟದ ಕೆಳಗಿನ ಗದ್ದೆಯಲ್ಲಿ ಆಚರಿಸಿ ನೋಡೋಣ. ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಟ್ಟೆ ಆಡಿಸುವುದು. ಅಳೆದು ಮದ್ದು ಸುರಿಯುವುದು. ತೆಂಗಿನ ಕತ್ತ ತುರುಕಿ, ಗಜ ತಾನೇ ಪುಟಿಯುವ ತನಕ ಜಡಿಯುವುದು. ಚರೆ, ಮತ್ತೆ ಕತ್ತ, ಮತ್ತೆ ಗಜ. ಕಡೆಯಲ್ಲಿ ಮಾತ್ರ, ಅಂಗಿಯ ಜೇಬಿನ ಡಬ್ಬಿಯಿಂದ ಕೇಪು ತೆಗೆದು, ಚಳಿಗೆ ಮರಗಟ್ಟಿದ ಬೆರಳಲ್ಲಿ ಕೂರಿಸುವುದು, ಅದು ಜಾರಿ ಕೆಸರಿಗೆ ಬೀಳುವುದು, ಇನ್ನೊಂದು ತೆಗೆಯುವುದು. ಈ ಅವಧಿಯಲ್ಲಿ ಹಂದಿ ಒಂದು ಅಂಕಣ ಭತ್ತ ಮುಗಿಸಿ ಪಕ್ಕದವರ ಗದ್ದೆಗೆ ದಾಟಿರುತ್ತದೆ. ಶಾಸ್ತ್ರ ಪಾಲಿಸಿದವನಿಗೆ ಹಂದಿಯಿಲ್ಲ, ಹಂದಿ ಸಿಕ್ಕವನಿಗೆ ಶಾಸ್ತ್ರವಿಲ್ಲ.

ಕೇಪಿನ ವಿಚಾರ ಬಂದದ್ದರಿಂದ ಒಂದು ಮಾತು. ಇದಕ್ಕೆ ನಾಂದಿ ಹಾಡಿದವನು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸೈತ್ ಎಂಬ ಪಾದ್ರಿ. ಹಳೆಯ ಚಕಮಕಿ ಕೋವಿಯಲ್ಲಿ ಹೊರಗಿನ ಮದ್ದು ಮೊದಲು ಭಗ್ಗೆಂದು ಹೊತ್ತಿ, ಒಳಗಿನದು ಒಂದು ಕ್ಷಣ ತಡೆದು ಸಿಡಿಯುತ್ತಿತ್ತು. ಬೆಳಕು ಕಂಡ ಹಕ್ಕಿ ಆ ಕ್ಷಣದಲ್ಲೇ ಪಾರು. ಬೇಸತ್ತ ಪಾದ್ರಿ, ಪೆಟ್ಟು ಬಿದ್ದರೆ ಸಿಡಿಯುವ ಮಸಾಲೆಯನ್ನು ಕೋವಿಗೆ ಹೊಂದಿಸಿ 1807ರಲ್ಲಿ ಪೇಟೆಂಟ್ ಪಡೆದ. ಈತನೂ ತನ್ನ ಗುರಿಯನ್ನು ಶಂಕಿಸಲಿಲ್ಲ ಎಂಬುದನ್ನು ಪೂರ್ವಪಕ್ಷಿಗಳು ಬರೆದಿಟ್ಟುಕೊಳ್ಳಲಿ.

ಇನ್ನು ಪ್ರಮಾಣ ವಿಚಾರ. ಈಡು ತಗುಲಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಪ್ರತ್ಯಕ್ಷ ಸಾಧ್ಯವಿಲ್ಲ, ಎದುರಿಗೆ ಹೊಗೆಯ ಗೋಡೆ ಎದ್ದಿರುತ್ತದೆ. ಹೊಗೆ ಇದ್ದಲ್ಲಿ ಬೆಂಕಿ ಎಂದು ನೈಯಾಯಿಕರು ಬೆಟ್ಟ ತೋರಿಸಿ ಪಾಠ ಹೇಳಿದ್ದಾರೆ. ಹೊಗೆ ಇದ್ದಲ್ಲಿ ಹಂದಿ ಎಂದು ಹೇಳಿಲ್ಲ. ಜೊತೆಗೆ ಬಂದವನ ಆಪ್ತವಾಕ್ಯ ಕೇಳೋಣವೆಂದರೆ ಸದ್ದಾದ ಕೂಡಲೇ ಅವನು ಮರ ಹತ್ತಿರುತ್ತಾನೆ. ಉಳಿದದ್ದು ಅನುಪಲಬ್ಧಿ. ಹೊಗೆ ಸರಿದ ಮೇಲೆ ಹಂದಿ ಕಾಣದಿದ್ದರೆ ಹಂದಿ ಇಲ್ಲ ಎಂದು ನಿಶ್ಚಯ. ಬೆಳೆ ರಕ್ಷಣೆಯ ಲೈಸೆನ್ಸಿಗೆ ಬೇಕಾದದ್ದೂ ಇಷ್ಟೇ.

ಕಾಣದೆ ಹೊಡೆಯುವ ಪಂಥಕ್ಕೆ ಮೂಲಪುರುಷ ದಶರಥ. ಶಬ್ದವೇಧಿಯಲ್ಲಿ ಅವನನ್ನು ಮೀರಿಸಿದವರಿಲ್ಲ. ಸರಯೂ ತೀರದಲ್ಲಿ ಬಿಟ್ಟ ಬಾಣ ಕೂದಲೆಳೆಯಷ್ಟೂ ಆಚೀಚೆ ಹೋಗಲಿಲ್ಲ. ಅಲ್ಲಿದ್ದದ್ದು ಆನೆಯಲ್ಲ, ಕೊಡ ತುಂಬುತ್ತಿದ್ದ ಹುಡುಗ. ಗುರಿ ತಪ್ಪಲಿಲ್ಲ, ಗುರುತು ತಪ್ಪಿತು. ಹಂದಿಯೆಂದು ಜೊತೆಗಾರನಿಗೇ ಈಡು ಬಿದ್ದ ಸುದ್ದಿ ಮಲೆನಾಡಿಗೆ ಹೊಸದೂ ಅಲ್ಲ. ಪೊದೆ ಅಲುಗಿತೆಂದು ಕುದುರೆ ಎಳೆಯುವವನು ಈಡುಗಾರನೇ ಅಲ್ಲ, ಅವನಿಗೆ ಈ ಶಾಸ್ತ್ರದ ರಕ್ಷಣೆಯೂ ಇಲ್ಲ. ಅಂಥ ಕೈಯಲ್ಲಿ ಕೋವಿಯ ಗುರಿ ಸುಧಾರಿಸದಿರುವುದೇ ಲೋಕೋಪಕಾರ.

ಹೀಗೆ ನಳಿಗೆ, ಗುಂಡು, ಮದ್ದು, ಕೇಪುಗಳಿಗೆ ದೋಷವನ್ನು ಹಂಚಿದ ಮೇಲೆ ಅಲ್ಪಸ್ವಲ್ಪ ಮಿಗುತ್ತದೆ. ಅದು ಹಂದಿಗೆ ಸೇರಬೇಕು. ಈಡಿನ ವೇಳೆಗೆ ಅದು ಅಲುಗಾಡಿರುತ್ತದೆ. ಈಡುಗಾರನ ಪಾಲಿಗೆ ಸೊನ್ನೆ. ಇದೇ ಸಿದ್ಧಾಂತ.

ಇಲ್ಲಿ ಕೊಡಗಿನವರ ಆಕ್ಷೇಪವೊಂದಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯ ಬಾಯಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಡುತ್ತಾರೆ. ಕಾಯಿ ಅಲುಗಾಡುವುದಿಲ್ಲ, ಭತ್ತ ತಿನ್ನುವುದಿಲ್ಲ, ಪಕ್ಕದವರ ಗದ್ದೆಗೆ ದಾಟುವುದಿಲ್ಲ. ಹಾಡಹಗಲು, ಹೊಗೆಯ ನೆಪವಿಲ್ಲ, ಊರೆಲ್ಲ ಸಾಕ್ಷಿ. ಹೆಂಗಸರೂ ನಿಂತು ಹೊಡೆದು ಕಾಯಿ ಒಡೆಯುತ್ತಾರೆ. ಅಲ್ಲಿಯೂ ಗುಂಡು ತಪ್ಪಿದವನ ದೋಷ ಯಾರ ತಲೆಗೆ?

ಆಕ್ಷೇಪ ಗಂಭೀರವಾದದ್ದು. ಆದರೆ ಆ ಸ್ಪರ್ಧೆಗಳಲ್ಲಿ ಈಗ ಬಳಸುವುದು ತೋಟೆ ಕೋವಿ. ಅದು ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.