ತಲೆಮರೆಸಿಕೊಂಡ ಕ್ಯಾರೆಟ್

ದೋಹಾದ ನಮ್ಮವರ ಮನೆಗಳಲ್ಲಿ ತರಕಾರಿ ತಲೆಮರೆಸಿಕೊಂಡಿದೆ. ಕ್ಯಾರೆಟ್ ಮೈದಾದೊಳಗೆ. ಪಾಲಕ್ ಚಾಕೊಲೇಟಿನೊಳಗೆ. ಬೀಟ್‌ರೂಟು ಕ್ರೀಮಿನ ಅಡಿಗೆ. ಬಚ್ಚಿಟ್ಟವರು ಇಬ್ಬರು ಪದವೀಧರರು, ಒಬ್ಬರಿಗೆ ಎಂ.ಟೆಕ್ ಬೇರೆ. ಯಾರಿಗೆ ಹೆದರಿ? ನಾಲ್ಕು ವರ್ಷದ ಮಗುವಿಗೆ.

ಈ ಪಲಾಯನಕ್ಕೆ ಹೆಲ್ದಿ ಮಫಿನ್ ಎಂದು ಹೆಸರು.

ಶುಕ್ರವಾರ ಯಾರ ಮನೆಗೆ ಹೋದರೂ ತಪ್ಪಿಸಿಕೊಳ್ಳುವಂತಿಲ್ಲ. ಚಪ್ಪಲಿ ಬಿಡುವ ಮೊದಲೇ ತಟ್ಟೆ ಎದುರಿಗೆ. “ತಗೊಳ್ಳಿ ಅಣ್ಣಾ. ಒಳಗೆ ಏನಿದೆ ಹೇಳಿ ನೋಡೋಣ?” ಬಂದವರಿಗೆ ತಿಂಡಿ ಕೊಡುವುದು ಹಳೆಯ ಪದ್ಧತಿ, ಪ್ರಶ್ನೆಪತ್ರಿಕೆ ಕೊಡುವುದು ಹೊಸದು. ತಿಂದೆ. ಸಕ್ಕರೆ ಇದೆ ಅಂದೆ. “ಅಯ್ಯೋ, ಝುಕಿನಿ ಇದೆ! ಗೊತ್ತೇ ಆಗಲ್ಲ ಅಲ್ವಾ?” ಗೊತ್ತೇ ಆಗುವುದಿಲ್ಲ. ಗೊತ್ತಾಗದಿರುವುದೇ ಸಾಧನೆಯಾದರೆ ಹಾಕದೇ ಇರಬಹುದಿತ್ತು. ಇನ್ನೂ ಗೊತ್ತಾಗುತ್ತಿರಲಿಲ್ಲ.

ಆ ಝುಕಿನಿಯ ಪಾಡು ನೋಡಿ. ಇಲ್ಲಿನ ಅರಬ್ ಮನೆಗಳಲ್ಲಿ ಅದು ಕೂಸಾ. ತಿರುಳು ತೆಗೆದು, ಅಕ್ಕಿ-ಮಾಂಸ ತುಂಬಿ, ಇಡಿಯಾಗಿ ತಟ್ಟೆಯಲ್ಲಿಟ್ಟು ಎಲ್ಲರೆದುರು ತಿನ್ನುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಮೊದಲು ಸಿಪ್ಪೆ ಹೆರೆಯುತ್ತಾರೆ. ಹಸಿರು ಕಂಡರೆ ಮಗುವಿಗೆ ಸುಳಿವು ಸಿಗುತ್ತದಂತೆ. ತುರಿಯುತ್ತಾರೆ. ಬಟ್ಟೆಯಲ್ಲಿ ಕಟ್ಟಿ ಹಿಂಡುತ್ತಾರೆ. ಇಲ್ಲದಿದ್ದರೆ ಮಫಿನ್ ಉಬ್ಬುವುದಿಲ್ಲವಂತೆ. ಆ ಕಾಯಿಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರೇ. ಸಿಪ್ಪೆ ಕಸದ ಬುಟ್ಟಿಗೆ, ನೀರು ಸಿಂಕಿಗೆ. ಉಳಿದ ಒಂದು ಹಿಡಿ ಬಿಳಿ ಚರಟವೇ ಮಗುವಿನ ಪೌಷ್ಟಿಕಾಂಶ.

ಕ್ಯಾರೆಟ್ಟಿನದು ಇನ್ನೊಂದು ಕಥೆ. ಕೈಯಿಂದ ಕೈಗೆ ಓಡಾಡುವ ಅಳತೆ ಹೀಗಿದೆ: ಎರಡು ಕಪ್ ಮೈದಾ, ಒಂದು ಕಪ್ ಸಕ್ಕರೆ, ಅರ್ಧ ಕಪ್ ಎಣ್ಣೆ, ಎರಡು ಮೊಟ್ಟೆ, ಒಂದು ಕಪ್ ಕ್ಯಾರೆಟ್ ತುರಿ. ಹನ್ನೆರಡು ಮಫಿನ್ ಆಗುತ್ತವೆ. ಒಂದು ಕಪ್ ಸಕ್ಕರೆ ಅಂದರೆ 200 ಗ್ರಾಂ. ಒಂದು ಕಪ್ ತುರಿ ಸುಮಾರು 110 ಗ್ರಾಂ. ಭಾಗಿಸಿ ನೋಡಿ. ಒಂದು ಮಫಿನ್ನಿಗೆ ಕ್ಯಾರೆಟ್ 9 ಗ್ರಾಂ, ಸಕ್ಕರೆ 17 ಗ್ರಾಂ. ನಾಲ್ಕು ಚಮಚ.

ಎರಡರಿಂದ ಐದು ವರ್ಷದ ಮಗುವಿಗೆ ದಿನಕ್ಕೆ 250 ಗ್ರಾಂ ಹಣ್ಣು-ತರಕಾರಿ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ. ಅಷ್ಟನ್ನೂ ಮಫಿನ್ ಮೂಲಕವೇ ಇಳಿಸುವುದಾದರೆ ಮಗು ದಿನಕ್ಕೆ ಇಪ್ಪತ್ತೇಳು ಮಫಿನ್ ತಿನ್ನಬೇಕು. ಜೊತೆಗೆ 450 ಗ್ರಾಂ ಸಕ್ಕರೆ ಉಚಿತ. ಸಕ್ಕರೆಯ ಬಗ್ಗೆ ಅದೇ ಸಂಸ್ಥೆ 2015ರಲ್ಲಿ ಹಾಕಿದ ಮಿತಿ, ನಾಲ್ಕು ವರ್ಷದ ಮಗುವಿಗೆ, ಎರಡನೇ ಮಫಿನ್ನಿಗೇ ಹೆಚ್ಚುಕಡಿಮೆ ಮುಗಿದಿರುತ್ತದೆ.

ಕೊಲ್ಲಿಯಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯೊಳಗೆ ಬರಲು ಸಕ್ಕರೆಗೆ ವೀಸಾ ಬೇಕಿತ್ತು. ಕ್ಯಾರೆಟ್ ಕಫೀಲನಾಗಿ, ಅಂದರೆ ಪ್ರಾಯೋಜಕನಾಗಿ, ಸಹಿ ಹಾಕಿತು. ಅಷ್ಟೇ.

“ನಾವು ಸಕ್ಕರೆ ಹಾಕಲ್ಲಪ್ಪ, ಖರ್ಜೂರದ ಸಿರಪ್ ಹಾಕ್ತೀವಿ” ಎನ್ನುವ ಇನ್ನೊಂದು ಪಂಗಡವಿದೆ. ಇವರು ಮೇಲ್ವರ್ಗ. ಸಿರಪ್, ಜೇನು, ಹಣ್ಣಿನ ರಸ ಎಲ್ಲವೂ ಆ 2015ರ ಮಾರ್ಗಸೂಚಿಯಲ್ಲಿ ಸಕ್ಕರೆಯ ಪಂಕ್ತಿಯಲ್ಲೇ ಕೂತಿವೆ ಎಂದರೆ ಮುಖ ಸಿಂಡರಿಸುತ್ತಾರೆ. ಬೆಲ್ಲ ಹಾಕುವವರಂತೂ ಬೆಲ್ಲದ ಮನೆತನವನ್ನೇ ಮುಂದಿಡುತ್ತಾರೆ. ಹೊಟ್ಟೆಗೆ ಮನೆತನ ತಿಳಿಯುವುದಿಲ್ಲ. ಅಂದ ಹಾಗೆ, ಬಚ್ಚಿಡಲು ಆರಿಸುವುದು ಹೆಚ್ಚಾಗಿ ಕ್ಯಾರೆಟ್, ಬೀಟ್‌ರೂಟು, ಸಿಹಿಗೆಣಸು. ಹಾಗಲಕಾಯಿ ಮಫಿನ್ ಮಾಡಿದ ಧೀರರನ್ನು ನಾನಿನ್ನೂ ಕಂಡಿಲ್ಲ.

ಮಕ್ಕಳು ಡಬ್ಬಿಯಲ್ಲಿ ಕೇಕ್ ತರಬಾರದು ಎಂದು ಒಂದು ಶಾಲೆ ಸುತ್ತೋಲೆ ಹೊರಡಿಸಿತು. ಸಂತೋಷ. ಕೇಕಿಗೆ ಕ್ಯಾರೆಟ್ ಸೇರಿಸಿ ಪೇಪರ್ ಕಪ್ಪಿನಲ್ಲಿಟ್ಟರೆ ಟೀಚರ್ ‘ವೆರಿ ಗುಡ್’ ಅಂದರಂತೆ. ಅದೇ ವಾರ ಯಾರದೋ ಹುಟ್ಟುಹಬ್ಬ. ಇಡೀ ಕ್ಲಾಸಿಗೆ ಚಾಕೊಲೇಟ್.

ಈ ಕಳ್ಳಾಟವಾದರೂ ನಮ್ಮ ಸ್ವಂತದ್ದೇ? ಅದೂ ಅಲ್ಲ. 2007ರಲ್ಲಿ ಅಮೆರಿಕದಲ್ಲಿ ಮಿಸ್ಸಿ ಚೇಸ್ ಲಪೈನ್ ಎಂಬವರು ‘ದಿ ಸ್ನೀಕಿ ಶೆಫ್’ ಎಂಬ ಪುಸ್ತಕ ತಂದರು. ಅದೇ ವರ್ಷ ಹಾಸ್ಯನಟ ಜೆರ್ರಿ ಸೈನ್‌ಫೆಲ್ಡ್ ಅವರ ಪತ್ನಿ ಜೆಸ್ಸಿಕಾ ‘ಡಿಸೆಪ್ಟಿವ್ಲಿ ಡಿಲಿಶಿಯಸ್’ ತಂದರು. ಎರಡರಲ್ಲೂ ಒಂದೇ ವಿದ್ಯೆ: ತರಕಾರಿ ಅರೆ, ಮಕ್ಕಳ ತಿಂಡಿಗೆ ಬೆರೆಸು, ಬಾಯಿ ಬಿಡಬೇಡ. 2008ರಲ್ಲಿ ಮೊದಲನೆಯವರು ಎರಡನೆಯವರ ಮೇಲೆ ಕೇಸು ಹಾಕಿದರು, ನನ್ನದನ್ನು ಕದ್ದಿದ್ದಾರೆ ಎಂದು. ಬಚ್ಚಿಡುವ ವಿದ್ಯೆಯನ್ನೇ ಕದ್ದರಂತೆ! 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಕೃತಿಸ್ವಾಮ್ಯದ ದೂರನ್ನು ತಳ್ಳಿಹಾಕಿತು. ಅರೆದ ತರಕಾರಿಯನ್ನು ಮಕ್ಕಳ ಊಟಕ್ಕೆ ಗುಟ್ಟಾಗಿ ಸೇರಿಸುವುದು ಬರೀ ಒಂದು ಉಪಾಯ, ಉಪಾಯಕ್ಕೆ ಯಾರೂ ಒಡೆಯರಲ್ಲ ಎಂದಿತು. ಅಂದಿನಿಂದ ಈ ಮೋಸ ಸಾರ್ವಜನಿಕ ಆಸ್ತಿ.

ವಿಜ್ಞಾನ ನಮ್ಮ ಕಡೆ ಇದೆ ಎಂದು ಯಾರಾದರೂ ಎದ್ದು ನಿಲ್ಲುವ ಮೊದಲು ನಾನೇ ಹೇಳಿಬಿಡುತ್ತೇನೆ. 2011ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಮೂರರಿಂದ ಐದು ವರ್ಷದ ಮಕ್ಕಳ ಊಟಕ್ಕೆ ತರಕಾರಿ ಅರೆದು ಬೆರೆಸಿ ನೋಡಿದರು. ಹೊಟ್ಟೆಗೆ ಹೋದ ತರಕಾರಿ ಇಮ್ಮಡಿಯ ಹತ್ತಿರ ಬಂತು, ಕ್ಯಾಲೊರಿ ಇಳಿಯಿತು. ಒಪ್ಪಿದೆ. ಆದರೆ ಅವರು ಕಣ್ಣಿಗೆ ಕಾಣುವ ತರಕಾರಿಯನ್ನೂ ಪಕ್ಕದಲ್ಲಿ ಬಡಿಸುತ್ತಲೇ ಇದ್ದರು. ಆ ತಂಡದಲ್ಲಿದ್ದ ಲೀಆನ್ ಬರ್ಚ್, ಹೊಸ ತಿನಿಸನ್ನು ಮತ್ತೆ ಮತ್ತೆ ಮುಂದಿಟ್ಟರೆ ಮಗು ಕ್ರಮೇಣ ಒಪ್ಪಿಕೊಳ್ಳುತ್ತದೆ ಎಂದು 1982ರಲ್ಲೇ ತೋರಿಸಿದ್ದವರು. ಒಂದೆರಡು ಸಲ ಅಲ್ಲ, ಹತ್ತಿಪ್ಪತ್ತು ಸಲ. ಅಷ್ಟು ಪುರುಸೊತ್ತು ಯಾರಿಗಿದೆ? ಮಫಿನ್ ಕಲಿಸುವ ರೀಲ್ ಇರುವುದೇ ಮೂವತ್ತು ಸೆಕೆಂಡು.

ಅಸಲಿಗೆ ತರಕಾರಿಗೆ ಹೆದರುವುದು ಮಗು ಅಲ್ಲ. ಅಪ್ಪ.

ಶುಕ್ರವಾರದ ಊಟದಲ್ಲಿ ಅವನ ತಟ್ಟೆ ನೋಡಿ. ಚಿಕನ್ ಘೀ ರೋಸ್ಟ್ ಎರಡನೇ ಸುತ್ತು. ಬೀನ್ಸ್ ಪಲ್ಯ ಬಡಿಸಿದ ಜಾಗದಲ್ಲೇ, ಬಡಿಸಿದ ಆಕಾರದಲ್ಲೇ. ಸಾಂಬಾರಿನ ನುಗ್ಗೆಕಾಯಿ ತಟ್ಟೆಯ ಅಂಚಿಗೆ ಗಡೀಪಾರು. ಪಕ್ಕದಲ್ಲಿ ಕೂತ ಮಗ ಎಲ್ಲವನ್ನೂ ನೋಡುತ್ತಿದ್ದಾನೆ. “ನಮ್ಮವನು ತರಕಾರಿ ಮುಟ್ಟೋದೇ ಇಲ್ಲ ಕಣ್ರೀ” ಎಂದು ಅಪ್ಪ ಕೊರಗುತ್ತಾನೆ, ಲೆಗ್ ಪೀಸ್ ಚೀಪುತ್ತಾ. ಮಗ ಇಷ್ಟು ಚೆನ್ನಾಗಿ ಪಾಠ ಕಲಿತಿದ್ದಾನೆ, ಗುರುವಿಗೇ ಹೆಮ್ಮೆಯಿಲ್ಲ. ಮಫಿನ್ ಯೋಜನೆಯಲ್ಲೂ ಅಷ್ಟೇ. ತುರಿಯುವವಳು ಹೆಂಡತಿ, ಹಿಂಡುವವಳು ಹೆಂಡತಿ, ಪಾತ್ರೆ ತೊಳೆಯುವವಳೂ ಅವಳೇ. ಗಂಡನ ಪಾಲಿಗೆ ಫೋಟೊ.

ಊಟವಾದ ಮೇಲೆ ಕರಕ್. ಕತಾರಿನಲ್ಲಿ ಕರಕ್ ಅಂಗಡಿಗೆ ಇಳಿದು ಹೋಗುವವರು ಕಡಿಮೆ. ಕಾರು ನಿಲ್ಲಿಸಿ ಹಾರ್ನ್ ಹೊಡೆಯುತ್ತಾರೆ. ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ ಹುಡುಗನೊಬ್ಬ ಓಡಿಬಂದು ಕಿಟಕಿಯಲ್ಲಿ ಪೇಪರ್ ಕಪ್ ಕೊಡುತ್ತಾನೆ. ಡಬ್ಬಿ ಹಾಲು, ಸಕ್ಕರೆ, ಏಲಕ್ಕಿ, ನಡುವೆ ಎಲ್ಲೋ ಒಂದಿಷ್ಟು ಚಹಾ. ಹಿಂದಿನ ಸೀಟಿನಲ್ಲಿರುವ ಮಗುವಿಗೆ ಚೀಸ್ ಬಳಿದು ಒಮಾನ್ ಚಿಪ್ಸ್ ಸುತ್ತಿದ ಪರೋಟ. ಎಸಿ ಜೋರಾಗಿದೆ. ಮನೆಗೆ ಹೋದ ಮೇಲೆ ಪ್ರಾಯಶ್ಚಿತ್ತಕ್ಕೆ ಕ್ಯಾರೆಟ್ ಮಫಿನ್ ಇದ್ದೇ ಇದೆ.

ಸರ್ಕಾರವೂ ಸುಮ್ಮನೆ ಕೂತಿಲ್ಲ. 2019ರ ಜನವರಿಯಲ್ಲಿ ಗ್ಯಾಸ್ ತುಂಬಿದ ತಂಪು ಪಾನೀಯಕ್ಕೆ ನೂರಕ್ಕೆ ಐವತ್ತು, ಎನರ್ಜಿ ಡ್ರಿಂಕಿಗೆ ನೂರಕ್ಕೆ ನೂರು ತೆರಿಗೆ ಹಾಕಿತು. ಕರಕ್ ಪಾರು. ಮಫಿನ್ ಪಾರು. 2012ರಿಂದ ಫೆಬ್ರವರಿಯ ಎರಡನೇ ಮಂಗಳವಾರ ರಾಷ್ಟ್ರೀಯ ಕ್ರೀಡಾದಿನ, ರಜೆ. ಅಂದು ನಮ್ಮವರು ಒಂದೇ ಬಣ್ಣದ ಟಿ-ಶರ್ಟ್ ತೊಟ್ಟು ಕಡಲದಂಡೆಯ ಕಾರ್ನಿಶ್ ಮೇಲೆ ಬ್ಯಾನರ್ ಹಿಡಿದು ನಡೆಯುತ್ತಾರೆ. ಎಷ್ಟು ದೂರ? ಫೋಟೊ ಮುಗಿಯುವವರೆಗೆ. ಆಮೇಲೆ ಬಿರಿಯಾನಿ.

ಸಿರಿವಂತರ ಪರ್ಲ್ ದ್ವೀಪದ ಕಡೆ ಹೋದರೆ ಇದೇ ಮಫಿನ್ ಗಾಜಿನ ಪೆಟ್ಟಿಗೆಯಲ್ಲಿ ‘ಗಿಲ್ಟ್-ಫ್ರೀ’ ಚೀಟಿ ಅಂಟಿಸಿಕೊಂಡು ಕೂತಿದೆ. ಒಂದಕ್ಕೆ ಇಪ್ಪತ್ತು ರಿಯಾಲ್. 2021ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಕನಿಷ್ಠ ವೇತನದ ಕಾನೂನಿನ ಪ್ರಕಾರ, ಕಂಪನಿ ಊಟ ಕೊಡದಿದ್ದರೆ ಕೆಲಸಗಾರನಿಗೆ ತಿಂಗಳಿಗೆ 300 ರಿಯಾಲ್ ಊಟದ ಭತ್ಯೆ. ದಿನಕ್ಕೆ ಹತ್ತು. ಅವನ ಮೂರು ಹೊತ್ತು ನಮ್ಮ ಅರ್ಧ ಮಫಿನ್ನಿನಲ್ಲಿ ಮುಗಿಯಬೇಕು. ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿನಲ್ಲಿ ದಾಲಿಗೆ ಟೊಮೆಟೊ ಹಾಕುವವನು ಅದನ್ನು ಯಾರಿಂದಲೂ ಬಚ್ಚಿಡುವುದಿಲ್ಲ. ಇರುವ ನಾಲ್ಕು ಹೋಳೂ ಮೇಲೆ ಕಾಣಲಿ ಎಂದು ನೋಡುತ್ತಾನೆ.

ತರಕಾರಿಯ ಬೆಲೆ ಈ ದೇಶಕ್ಕೆ ಗೊತ್ತಿಲ್ಲದ್ದಲ್ಲ. 2017ರ ಜೂನ್ 5ರಂದು ನೆರೆಯವರು ಸಂಬಂಧ ಕಡಿದುಕೊಂಡು ಸೌದಿಯ ಗಡಿ ಮುಚ್ಚಿದಾಗ ಟರ್ಕಿ, ಇರಾನ್‌ಗಳಿಂದ ವಿಮಾನದಲ್ಲಿ ಆಹಾರ ಬಂತು. ಹಾಲಿಗೆಂದು ಹಸುಗಳೇ ವಿಮಾನ ಹತ್ತಿ ಬಂದವು. ಗಾಬರಿಯಾಗಿ ಟ್ರಾಲಿ ತುಂಬ ಟೊಮೆಟೊ, ಈರುಳ್ಳಿ ಪೇರಿಸಿಕೊಂಡವರಲ್ಲಿ ನಮ್ಮವರೂ ಇದ್ದರು. ಈಗ ಚಳಿಗಾಲ ಬಂತೆಂದರೆ ಅಲ್ ಮಜ್ರೂವಾ, ಅಲ್ ವಕ್ರಾ, ಅಲ್ ಖೋರ್ ಸಂತೆಗಳಲ್ಲಿ ಈ ಮರಳಿನಲ್ಲೇ ಬೆಳೆದ ಸೌತೆ, ಬದನೆ, ಕೂಸಾ, ದಪ್ಪಮೆಣಸು ಪೆಟ್ಟಿಗೆಗಟ್ಟಲೆ ಸಿಗುತ್ತವೆ. ಮಾರುವವನು ಹಸಿರು ಎದ್ದು ಕಾಣಲೆಂದು ಒಪ್ಪವಾಗಿ ಜೋಡಿಸಿರುತ್ತಾನೆ. ಕೊಂಡವರು ಮನೆಗೆ ತಂದು ಮೈದಾದಲ್ಲಿ ಹೂಳುತ್ತಾರೆ.

ಹೂಳುವವರು ಯಾರ ಮಕ್ಕಳು ಅಂತ ನೆನಪಿಸಬೇಕೆ? ಸೌತೆಕಾಯಿ ಕಡುಬು, ಸೋರೆಕಾಯಿ ದೋಸೆ, ನುಗ್ಗೆಸೊಪ್ಪಿನ ರೊಟ್ಟಿ ತಿಂದು ಬೆಳೆದವರು. ಪತ್ರೊಡೆಯಲ್ಲಂತೂ ಕೆಸುವಿನ ಎಲೆ ಹೊರಗೆ, ಅಕ್ಕಿಹಿಟ್ಟು ಒಳಗೆ. ಅಲ್ಲಿ ಬಚ್ಚಿಟ್ಟುಕೊಂಡಿದ್ದು ಹಿಟ್ಟು.

ಒಂದು ಮನೆಗೆ ಊರಿಂದ ಅಜ್ಜಿ ವಿಸಿಟ್ ವೀಸಾದಲ್ಲಿ ಬಂದಿದ್ದರು. ಸಬ್ಬಸಿಗೆ ಇಲ್ಲಿ ಕಂತೆಗಟ್ಟಲೆ ಸಿಗುತ್ತದೆ. ಇರಾನಿಗಳ ಅನ್ನಕ್ಕೂ ಅದೇ ಬೇಕು. ಅಜ್ಜಿ ಒಂದು ಕಂತೆ ಹೆಚ್ಚಿ, ಈರುಳ್ಳಿ, ಹಸಿಮೆಣಸು, ಕ್ಯಾರೆಟ್ ತುರಿ ಸೇರಿಸಿ ಅಕ್ಕಿಹಿಟ್ಟು ಕಲಸಿ ಬಾಣಲೆಗೆ ತಟ್ಟಿದರು. ಹಿಟ್ಟಿಗಿಂತ ಸೊಪ್ಪೇ ಹೆಚ್ಚು. ಮೊಮ್ಮಗ ಕಿರುಚಲಿಲ್ಲ, ಓಡಲಿಲ್ಲ. ತುಪ್ಪ ಹಾಕು ಅಜ್ಜಿ ಅಂದ. ಎರಡು ತಿಂದ. ಮಗಳು ಏನಂದಳು? “ಅಮ್ಮಾ, ಎಣ್ಣೆ ಜಾಸ್ತಿ ಆಯ್ತು.” ಆ ಹೊತ್ತಿಗೆ ಓವನ್ನಿನಲ್ಲಿ ಅರ್ಧ ಕಪ್ ಎಣ್ಣೆಯ ಮಫಿನ್ ಉಬ್ಬುತ್ತಿತ್ತು.

ಅಜ್ಜಿಯ ರೊಟ್ಟಿಯ ಫೋಟೊ ಯಾರೂ ತೆಗೆಯಲಿಲ್ಲ. ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗುಂಪಿಗೆ ಬಂದಿರುವ ಹೊಸ ಫೋಟೊ ಬೆಂಡೆಕಾಯಿ ಬ್ರೌನಿಯದು. ಅಪ್ಪಂದಿರೆಲ್ಲ ಸಾಲಾಗಿ ಹೆಬ್ಬೆರಳು ಎತ್ತಿದ್ದಾರೆ. ಲೋಳೆ ಬರಲ್ವಾ ಎಂದು ಒಬ್ಬರು ಕೇಳಿದರು. ಮೂವರು ಒಟ್ಟಿಗೇ ಪರಿಹಾರ ಬರೆದರು: ಸಕ್ಕರೆ ಸ್ವಲ್ಪ ಜಾಸ್ತಿ ಹಾಕಿ.